ಬಳ್ಳಿಗೊಂದು ಸನ್ಮಾನ

ಬೀದರಿನಲ್ಲಿ ಒಮ್ಮೆಯಾದರೂ ವೇದಿಕೆ ಹತ್ತಿ ಇಳಿದವರ ಮನೆಯ ಶೋಕೇಸಿನಲ್ಲಿ ಒಂದು ಬಿದರಿ ಹೂದಾನಿ ಇದ್ದೇ ಇರುತ್ತದೆ. ಮತ್ತು ಆ ಹೂದಾನಿಯಲ್ಲಿ ಹೂವು ಎಂದೂ ಇರುವುದಿಲ್ಲ. ಸನ್ಮಾನದ ತ್ರಿವಿಧ ಪ್ರಸಾದಗಳಲ್ಲಿ ಹಾರ ಮರುದಿನವೇ ಬಾಡುತ್ತದೆ, ಶಾಲು ಟ್ರಂಕಿನ ತಳ ಸೇರುತ್ತದೆ, ಕಪ್ಪು ಮೈಮೇಲೆ ಬೆಳ್ಳಿಯ ಎಲೆಬಳ್ಳಿಯನ್ನು ಹಬ್ಬಿಸಿಕೊಂಡ ಈ ಹೂದಾನಿ ಮಾತ್ರ ಗಾಜಿನ ಹಿಂದೆ ನಿಂತು, ಬಂದಬಂದವರಿಗೆ ಮನೆಯೊಡೆಯನ ಘನತೆಯನ್ನು ಸಾರುತ್ತಿರುತ್ತದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೂ ಒಂದು ಗೇಣು ಎತ್ತರದ ಅಂಥ ಘನತೆ ಲಭಿಸಿದೆ.

ಕಳೆದ ಚಳಿಗಾಲದಲ್ಲಿ ಅದರೊಳಗೆ ಏನನ್ನಾದರೂ ಇಡಬೇಕೆಂಬ ದುರ್ಬುದ್ಧಿ ನನಗೆ ಹುಟ್ಟಿದ್ದಕ್ಕೆ ಎದುರುಮನೆಯ ಸುಗುಣಾಬಾಯಿಯವರ ಮನಿ ಪ್ಲಾಂಟ್ ಕಾರಣ. ಸುಗುಣಾಬಾಯಿ ನಿವೃತ್ತ ನರ್ಸ್. ಇಡೀ ಓಣಿಗೆ ಅವರು ಸಿಸ್ಟರ್. ಅವರ ತಾಯಿಯೂ ನರ್ಸ್ ಆಗಿದ್ದವರೇ. ಆಸ್ಪತ್ರೆಯ ಕ್ವಾರ್ಟರ್ಸಿನ ಕಿಟಕಿಯಲ್ಲಿ, ಔಷಧಿಯ ಖಾಲಿ ಬಾಟಲಿಯೊಂದರಲ್ಲಿ ಆಕೆ ನೆಟ್ಟು ಬೆಳೆಸಿದ ಬಳ್ಳಿ ಅದು. ತಾಯಿ ತೀರಿದ ಮೇಲೆ ಸಿಸ್ಟರ್ ಬಳಿ ಉಳಿದದ್ದು ಆಕೆಯ ಬೈಬಲ್ಲು ಮತ್ತು ಈ ಬಳ್ಳಿ, ಎರಡೇ. ಔರಾದ ತಾಲ್ಲೂಕಿನ ಸಂತಪುರದಲ್ಲಿರುವ ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಹೊರಟಾಗ, ಬಸ್ಸಿನ ನೂಕುನುಗ್ಗಲಿನಲ್ಲಿ ಮುರಿದೀತೆಂಬ ಅಂಜಿಕೆಯಿಂದ ಅದನ್ನು ನನ್ನ ಕೈಗೆ ಕೊಟ್ಟರು.

“ಸರ್, ಇದು ನಮ್ಮ ಅವ್ವ ಕೈಯಾರ ಹಚ್ಚಿದ್ದರಿ. ಬಿಸಲ ತಡೀತದ, ಥಂಡಿ ತಡಿಯಂಗಿಲ್ಲ. ಜತನ ಮಾಡ್ರಿ,” ಎಂದರು.

ಲೋಳೆಸರದಂಥ ಲೋಳೆಸರವನ್ನೇ ಒಣಗಿಸಿದ ಕೀರ್ತಿ ನನ್ನದು. ಆದರೂ ಅಭಯಹಸ್ತ ತೋರಿಸಿ ಕಳಿಸಿದೆ. ನನ್ನ ಹೆಂಡತಿ ಶಾಂತಾ ಮಾತ್ರ ನನ್ನನ್ನು ನಂಬಲಿಲ್ಲ. ಎಳ್ಳಮಾವಾಸ್ಯೆಗೆ ಭಾಲ್ಕಿ ಹತ್ತಿರದ ಸಾಯಗಾಂವಕ್ಕೆ, ತನ್ನ ತವರಿಗೆ, ಎಂಟು ದಿನ ಹೊರಟವಳು ಹೊಸ್ತಿಲಲ್ಲಿ ನಿಂತು ಹೇಳಿದಳು: “ಅದನ್ನ ಅಡಗಿಮನ್ಯಾಗ ಇಡ್ರಿ. ಒಲಿ ಮಗ್ಗಲಕ ಬೆಚ್ಚಗ ಇರ್ತದ.”

ಅಡುಗೆಮನೆಯೇ! ಒಬ್ಬ ತಾಯಿಯ ಸ್ಮೃತಿಚಿಹ್ನೆಯನ್ನು ಒಗ್ಗರಣೆಯ ಹೊಗೆಯಲ್ಲಿಡುವುದೆಂದರೆ ನನ್ನ ರಸಿಕತೆಗೆ ಅವಮಾನವಲ್ಲವೇ? ಅವಳ ಬಸ್ಸು ಊರು ದಾಟುವ ಮೊದಲೇ ನಾನು ಶೋಕೇಸು ತೆಗೆದು, ಬಿದರಿ ಹೂದಾನಿಗೆ ನೀರು ತುಂಬಿ, ಬಾಟಲಿಯಿಂದ ಬಳ್ಳಿಯನ್ನು ಎತ್ತಿ ಅದರಲ್ಲಿಳಿಸಿ, ಪಡಸಾಲೆಯ ಕಿಟಕಿಯ ಕಲ್ಲಿನ ಮೇಲೆ ಪ್ರತಿಷ್ಠಾಪಿಸಿದೆ. ಬೆಳ್ಳಿಯ ಬಳ್ಳಿಯ ಮೇಲೆ ಹಸಿರು ಬಳ್ಳಿ ಇಳಿಬಿದ್ದ ಆ ಸೊಬಗನ್ನು ನೋಡಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಬೀದರ್ ಎಂದರೆ ಬರೀ ಬಿಸಿಲು ಎಂದು ತಿಳಿದ ದಕ್ಷಿಣದ ಗೆಳೆಯರು ಡಿಸೆಂಬರಿನಲ್ಲಿ ಬಂದು ನನ್ನ ಸ್ವೆಟರನ್ನೇ ಎರವಲು ಕೇಳಿದ್ದುಂಟು. ಎತ್ತರದ ಬಯಲಿನ ಮೇಲೆ ಕುಳಿತ ನಮ್ಮ ಊರಿಗೆ ಆ ತಿಂಗಳು ಬೀಸುವ ಗಾಳಿ ಹಲ್ಲು ಕಟಕಟಿಸುವಂಥದ್ದು. ಮೂರನೆಯ ಬೆಳಿಗ್ಗೆ ನೋಡುತ್ತೇನೆ, ಎಲೆಗಳು ಬೇಯಿಸಿದ ಪಾಲಕ್ಕಿನಂತೆ ಜೋತು, ಅಂಚಿನಲ್ಲಿ ಕಪ್ಪಾಗಿವೆ. ಗಾಬರಿಯಿಂದ ಟ್ರಂಕು ತೆಗೆದು ಸನ್ಮಾನದ ಶಾಲನ್ನೇ ಹೊದಿಸಿದೆ. ಇನ್ನಷ್ಟು ತಣ್ಣೀರು ಹಾಕಿದೆ. ಹೂದಾನಿಯಾಯಿತು, ಶಾಲಾಯಿತು, ಬಳ್ಳಿಗೆ ಇನ್ನು ಹಾರವೊಂದು ಬಾಕಿ ಎಂಬ ವಿಷಾದದ ಹಾಸ್ಯ ನನಗೇ ಹೊಳೆಯಿತು, ನಗು ಮಾತ್ರ ಬರಲಿಲ್ಲ. ಸಿಸ್ಟರ್ ಪ್ರತಿ ಭಾನುವಾರ ಚರ್ಚಿನಿಂದ ಬಂದು ಫೋನ್ ಮಾಡುತ್ತಿದ್ದರು. “ನಮ್ಮ ಬಳ್ಳಿ ಹ್ಯಾಂಗದರಿ ಸರ್?” ಎಂದರೆ, “ಶಾಲು ಹೊಚ್ಚೇನ್ರಿ,” ಎಂದು ಸತ್ಯದ ಅರ್ಧ ಭಾಗವನ್ನಷ್ಟೇ ನಿವೇದಿಸಿದೆ.

ಶಾಂತಾ ತವರಿನಿಂದ ಬಂದವಳು ಚೀಲವನ್ನೂ ಇಳಿಸದೆ ಹೂದಾನಿಯನ್ನು ಮುಟ್ಟಿದಳು. ಚಟ್ಟನೆ ಕೈ ಹಿಂತೆಗೆದಳು.

“ಅಯ್ಯ, ಬರ್ಫ್ ಆಗ್ಯದಲ್ರಿ ಇದು! ಇಂಥಾದ್ರಾಗ ಎಂಟ ದಿನ ಕಾಲಿಟ್ಟು ನಿಂತ್ರ ನೀವರ ಉಳೀತೀರೇನ್ರಿ?”

ಲೋಹ ಗಾಜಿಗಿಂತ ಬೇಗ ತಣಿಯುತ್ತದೆಂಬುದು ಮೂವತ್ತು ವರ್ಷ ಅಲಂಕಾರಶಾಸ್ತ್ರ ಬೋಧಿಸಿದವನ ತಲೆಗೆ ಹೊಳೆದಿರಲೇ ಇಲ್ಲ. ನಾನು ತಲೆತಗ್ಗಿಸಿ ನಿಂತಿದ್ದಾಗಲೇ ಅವಳು ಈಳಿಗೆಮಣೆ ಎಳೆದುಕೊಂಡಳು. ಸಿಸ್ಟರ್ ಎಂದೂ ಕತ್ತರಿ ತಾಗಿಸದ ಬಳ್ಳಿಯನ್ನು ಅವಳು ಕಚಕಚನೆ ತುಂಡರಿಸತೊಡಗಿದಾಗ ನಾನು ಕೈ ಅಡ್ಡ ಹಿಡಿದೆ.

“ಸುಮ್ಮನಿರ್ರಿ,” ಎಂದಳು. “ನಮ್ಮಪ್ಪ ಕಬ್ಬು ಹಚ್ಚೋದು ಸಣ್ಣಾಕಿ ಇದ್ದಾಗಿಂದ ನೋಡೇನಿ. ಕಬ್ಬು ಹಚ್ಚವ್ರು ಎಲಿ ನೋಡಂಗಿಲ್ಲ, ಚಿಗಿಯೋ ಕಣ್ಣ ನೋಡ್ತಾರ. ಗೆಣ್ಣಿನ್ಯಾಗ ಇನ್ನಾ ಹಸರ ಅದ. ಜೀವ ಅದರಿ ಇದಕ್ಕ.”

ಕಪ್ಪಾದ ಎಲೆಗಳನ್ನೆಲ್ಲ ಕಿತ್ತೆಸೆದು, ನೆಡುವ ಕಬ್ಬಿನ ಹಾಗೆ ಎರಡೆರಡು ಕಣ್ಣಿನ ಏಳು ತುಂಡು ಮಾಡಿ, ಉಪ್ಪಿನಕಾಯಿಯ ಖಾಲಿ ಬಾಟಲಿಗಳಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ರೊಟ್ಟಿಯ ಒಲೆಯ ಮೇಲಿನ ಹಲಗೆಗೆ ಏರಿಸಿದಳು. ದಿನವೂ ಎರಡು ಹೊತ್ತು ಜೋಳದ ರೊಟ್ಟಿಯ ಕಾವು ಅವಕ್ಕೆ ತಾಗುತ್ತಿತ್ತು. ನಾನೋ, ಪರೀಕ್ಷೆಯ ಫಲಿತಾಂಶ ನೋಡುವ ವಿದ್ಯಾರ್ಥಿಯಂತೆ ದಿನಕ್ಕೆ ಹತ್ತು ಸಲ ಸ್ಟೂಲು ಹತ್ತಿ ಇಳಿದೆ. ಎರಡು ತುಂಡು ಕೊಳೆತವು. ಉಳಿದ ಐದೂ ಕಣ್ಣು ಮುಚ್ಚಿಕೊಂಡು ಕುಳಿತವು. ಭಾನುವಾರದ ಫೋನಿಗೆ ಹೆದರಿ ನಾನು ವಾಕಿಂಗಿಗೆ ಹೋಗುವುದನ್ನು ರೂಢಿಮಾಡಿಕೊಂಡೆ.

ಚಳಿ ಹಿಮ್ಮೆಟ್ಟತೊಡಗಿದ ಒಂದು ಮುಂಜಾನೆ, ಮೂರನೆಯ ಬಾಟಲಿಯಲ್ಲಿ ಜೋಳದ ಮೊಳಕೆಯಷ್ಟು ಬಿಳಿಯ ಬೇರೊಂದು ಇಣುಕಿತ್ತು! “ಶಾಂತಾ, ಬಂತು!” ಎಂದು ನಾನು ಕೂಗಿದ ರಭಸಕ್ಕೆ ಸ್ಟೂಲು ಅಲುಗಾಡಿ, ಅವಳು ಹಿಟ್ಟಿನ ಕೈಯಲ್ಲೇ ನನ್ನನ್ನು ಹಿಡಿದುಕೊಂಡಳು. ಅಭಿನಂದನಾ ಸಮಾರಂಭದ ದಿನ ಚಪ್ಪಾಳೆ ಕೇಳಿದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ, ಸುಳ್ಳೇಕೆ ಹೇಳಲಿ. ವಾರ ಕಳೆಯುವುದರಲ್ಲಿ ಐದಕ್ಕೆ ಐದೂ ಬೇರು ಬಿಟ್ಟವು. ಸುರುಳಿ ಬಿಚ್ಚಿದ ಎಳೆಯ ಎಲೆಗಳು ಹೊಳೆಯುತ್ತ ಹೊರಬಂದವು.

ಶಿವರಾತ್ರಿಯ ಹೊತ್ತಿಗೆ ಸಿಸ್ಟರ್ ಮರಳಿದರು. ನಾನು ಎಲ್ಲವನ್ನೂ, ಬರ್ಫಿನಿಂದ ಈಳಿಗೆಯವರೆಗೆ, ಒಂದೇ ಉಸಿರಿನಲ್ಲಿ ಒಪ್ಪಿಕೊಂಡು ಐದು ಬಾಟಲಿಗಳನ್ನು ಮುಂದಿಟ್ಟೆ. ಅವರು ಬಾಟಲಿಗಳ ಮೇಲೆ ಬಗ್ಗಿದರು. ಎಳೆಯ ಎಲೆಯೊಂದನ್ನು, ಮಗುವಿನ ಜ್ವರ ನೋಡುವ ಹಾಗೆ, ಬೆರಳ ಹಿಂಬದಿಯಿಂದ ಮುಟ್ಟಿದರು.

“ಅಂಜಿ ಅಂಜಿ ಇಷ್ಟು ವರ್ಷ ಒಂದನ್ನೇ ಕಾಯ್ಕೊಂಡು ಕುಂತಿದ್ದೆರಿ. ಈಗ ಅವ್ವನ ಬಳ್ಳಿ ಮಗಳ ಮನಿಗೂ ಹೋಗ್ತದ, ಮೊಮ್ಮಗಳಿಗೂ ಒಂದಾಯ್ತು,” ಎಂದು ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಕುರ್ಚಿಯ ಮೇಲಿದ್ದ ನನ್ನ ಸನ್ಮಾನದ ಶಾಲನ್ನು ಎತ್ತಿ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಶಾಂತಾಳ ಹೆಗಲಿಗೆ ಹೊದಿಸಿ, ಹೂದಾನಿಯನ್ನು ಅವಳ ಕೈಗಿಟ್ಟರು. “ಚಪ್ಪಾಳಿ ಹೊಡೀರಿ ಸರ್!”

ಹೊಡೆದೆ, ಅಂಗೈ ಕೆಂಪಾಗುವಷ್ಟು ಹೊಡೆದೆ. ಮದುವೆಯಾದ ಮೂವತ್ತೈದು ವರ್ಷದಲ್ಲಿ ಆ ಅಡುಗೆಮನೆಗೆ ಸಂದ ಮೊದಲ ಚಪ್ಪಾಳೆ ಅದು ಎಂಬುದು ಹೊಡೆಯುತ್ತಿರುವಾಗಲೇ ಹೊಳೆದು, ನಾಚಿಕೆಯೂ ಆಯಿತು.

ಬಿದರಿ ಹೂದಾನಿ ಈಗ ಮತ್ತೆ ಶೋಕೇಸಿನಲ್ಲಿದೆ, ಎಂದಿನಂತೆ ಖಾಲಿಯಾಗಿ. ಸಿಸ್ಟರ್ ನಮಗೆಂದು ಬಿಟ್ಟುಹೋದ ಒಂದು ಬಳ್ಳಿ ಒಲೆಯ ಮೇಲಿನ ಹಲಗೆಯಿಂದ ಕೆಳಗಿಳಿಯುತ್ತಿದೆ. ಬಂದವರು ಹೂದಾನಿ ನೋಡಿ, ಈ ಸನ್ಮಾನ ಯಾವಾಗ ಆಯಿತೆಂದು ರೂಢಿಯಂತೆ ನನ್ನನ್ನೇ ಕೇಳುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಒಳಗೆ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತದೆ.

“ಅದು ನಂದರಿ,” ಎಂಬ ದನಿ ಕೇಳಿಬರುತ್ತದೆ.