ಯಾವ ಕ್ಯಾಮ್ ಚಿಕ್ಕಪ್ಪ

ನಮ್ಮ ಬೀದಿಯಲ್ಲಿ ಚಿಕ್ಕಪ್ಪನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎದುರಿಗೆ 'ಏನಣ್ಣಾ' ಎನ್ನುವವರೇ ಬೆನ್ನು ತಿರುಗಿದ ಮೇಲೆ 'ಯಾವ ಕ್ಯಾಮ್' ಎನ್ನುತ್ತಿದ್ದರು. ಹಳೆಯ ಕಾರಿನ ಡಿಸ್ಟ್ರಿಬ್ಯೂಟರನ್ನು ರಿಪೇರಿಗೆ ತಂದವರನ್ನು ಅವನು ಮೊದಲು ಕೇಳುತ್ತಿದ್ದದ್ದು ಅದೊಂದೇ ಮಾತು. ಗೊತ್ತಿಲ್ಲ ಎಂದರೆ ಸಾಮಾನನ್ನು ಮುಟ್ಟುತ್ತಲೇ ಇರಲಿಲ್ಲ. ಪಕ್ಕದ ಅಂಗಡಿಯ ಟೈಲರ್ ಒಮ್ಮೆ ಹೊಲಿಗೆ ಯಂತ್ರದ ಚಕ್ರ ಹಿಡಿದುಕೊಂಡು ಬಂದಾಗಲೂ ಬಾಯಿತಪ್ಪಿ ಅದನ್ನೇ ಕೇಳಿದ್ದ. ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಚಿಕ್ಕಪ್ಪನೂ ನಕ್ಕಿದ್ದ. ಆ ಪ್ರಶ್ನೆ ಅವನ ಬಾಯಿಗೆ ಹೇಗೆ ಬಂತೆಂದು ತಿಳಿದಿದ್ದ ನಮ್ಮ ಮನೆಯವರಿಗೆ ಮಾತ್ರ ನಗು ಬರಲಿಲ್ಲ.

ಅಪ್ಪ ಮತ್ತು ಚಿಕ್ಕಪ್ಪ, ತಾತ ಬಿಟ್ಟುಹೋದ ತಗಡಿನ ಶೆಡ್ಡಿನಲ್ಲಿ ಒಟ್ಟಿಗೆ ಕೆಲಸ ಮಾಡುತ್ತಿದ್ದವರು. ಅಪ್ಪ ಎಂಜಿನ್ ಬಿಚ್ಚಿ ಕಟ್ಟುವವನು. ಗಟ್ಟಿ ಆಳು, ಗಟ್ಟಿ ದನಿ. ಚಿಕ್ಕಪ್ಪನದು ಕಿಟಕಿಯ ಪಕ್ಕದ ಬೆಂಚು, ನಾಜೂಕಿನ ಕೆಲಸ. ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರು, ಅದರ ಪಾಯಿಂಟು, ಸ್ಪ್ರಿಂಗು, ತುದಿಯ ಪುಟ್ಟ ಗೇರು ಇಷ್ಟೇ ಅವನ ಪ್ರಪಂಚ. ಮದುವೆಯ ಮಾತೆತ್ತಿದರೆ ಎದ್ದು ಹೋಗಿಬಿಡುತ್ತಿದ್ದ. ಅಪ್ಪ ಹಿಂದೆ ತಿರುಗದೆ ಕೈ ಚಾಚಿದರೆ ಬೇಕಾದ ಸ್ಪ್ಯಾನರೇ ಅವನ ಅಂಗೈಗೆ ಬಂದು ಬೀಳುತ್ತಿತ್ತು. ದಿನವಿಡೀ ಮಾತಿಲ್ಲ, ಕತೆಯಿಲ್ಲ. ಬಾಯಿಗೆ ಬೀಗ ಹಾಕಿಕೊಂಡ ಜೋಡಿ ಎಂದು ಅಮ್ಮ ಹಾಸ್ಯ ಮಾಡುತ್ತಿದ್ದಳು. ಮಾತಿಲ್ಲದೆಯೇ ಕೆಲಸ ಸಾಗುತ್ತದೆ ಎಂಬುದು ಇಬ್ಬರಿಗೂ ಒಳಗೊಳಗೇ ಹೆಮ್ಮೆ.

ತಾತನ ಕಾಲದ ಎಂಟು ಸಿಲಿಂಡರಿನ ಕಾರೊಂದು ನಮ್ಮಲ್ಲಿತ್ತು. ಒಮ್ಮೆ ಅದರ ಕ್ಯಾಮ್ ಶಾಫ್ಟು ಸವೆದುಹೋಯಿತು. ವಾಲ್ವುಗಳನ್ನು ಎತ್ತಿ ಇಳಿಸುವ ಆ ಉದ್ದನೆಯ ದಂಡವೇ, ತುದಿಯ ಪುಟ್ಟ ಗೇರನ್ನು ಹಿಡಿದು ಡಿಸ್ಟ್ರಿಬ್ಯೂಟರನ್ನೂ ತಿರುಗಿಸುತ್ತದೆ. ಡಿಸ್ಟ್ರಿಬ್ಯೂಟರಿನ ತುದಿ ಕೆಳಗಿನ ಆಯಿಲ್ ಪಂಪನ್ನು ತಿರುಗಿಸುತ್ತದೆ. ಮೊದಲಿದ್ದದ್ದು ಎರಕ ಹೊಯ್ದ ಬೀಡು ಕಬ್ಬಿಣದ ಕ್ಯಾಮು. ಅಂಥದ್ದು ಎಲ್ಲೂ ಸಿಗದೆ ಅಪ್ಪ ಉಕ್ಕಿನದೊಂದನ್ನು ತಂದು ಕೂರಿಸಿದ. ಬೀಡಿನ ಕ್ಯಾಮಿಗೆ ಬೀಡಿನ ಗೇರಾದರೆ ಸರಿ. ಉಕ್ಕಿನದಕ್ಕೆ ಕಂಚಿನ ಗೇರು ಬೇಕು; ಕಂಚು ಮೆತ್ತಗಿನದು, ತಾನು ನಿಧಾನವಾಗಿ ಸವೆದು ಕ್ಯಾಮನ್ನು ಉಳಿಸುತ್ತದೆ, ಆಗಾಗ ನೋಡಿ ಬದಲಾಯಿಸಿದರಾಯಿತು. ಬೀಡಿನ ಗೇರನ್ನು ಉಕ್ಕಿಗೆ ಜೋಡಿಸಿದರೆ ಮಾತ್ರ ಉಕ್ಕು ಅದರ ಹಲ್ಲನ್ನು ಬೇಗನೆ ತಿಂದು ಮುಗಿಸುತ್ತದೆ. ಇದು ಇಬ್ಬರಿಗೂ ನೀರು ಕುಡಿದಷ್ಟು ಸಲೀಸಾಗಿ ಗೊತ್ತಿದ್ದ ವಿಷಯ.

ಅಪ್ಪ ಕ್ಯಾಮು ಕೂರಿಸಿದ ವಾರ ಚಿಕ್ಕಪ್ಪ ಜ್ವರ ಬಂದು ಮಲಗಿದ್ದ. ಎದ್ದು ಬಂದಾಗ ಎಂಜಿನ್ ಪೂರ್ತಿ ಮುಚ್ಚಿತ್ತು, ಒಳಗಿನ ಕ್ಯಾಮು ಕಾಣುತ್ತಿರಲಿಲ್ಲ. ಡಿಸ್ಟ್ರಿಬ್ಯೂಟರನ್ನು ಬಿಚ್ಚಿ ತೊಳೆದು, ಹಳೆಯ ಗೇರು ಸವೆದಿದೆಯೆಂದು ಅಂಥದ್ದೇ ಹೊಸ ಬೀಡಿನ ಗೇರು ಹಾಕಿ ಕೂರಿಸಿದ. ಅಪ್ಪ ಪಕ್ಕದಲ್ಲೇ ನಿಂತು ಬೋಲ್ಟು ಬಿಗಿದ. ಎಂಜಿನ್ ಮೊದಲ ಸಲಕ್ಕೇ ಹತ್ತಿಕೊಂಡಿತು. ಇಬ್ಬರೂ ಮುಖ ನೋಡಿಕೊಂಡು ನಕ್ಕರಂತೆ, ಅಷ್ಟೇ.

ಕಾರು ಊರೊಳಗೆ ಕೆಲವು ವಾರ ಚೆನ್ನಾಗಿಯೇ ಓಡಿತು. ಆಮೇಲೆ ಅಜ್ಜಿಯ ಅಕ್ಕನಿಗೆ ತೀರಾ ಸೀರಿಯಸ್ಸು ಎಂದು ಸುದ್ದಿ ಬಂತು. ಅಜ್ಜಿಯದು ತಾಯಿಯಿಲ್ಲದೆ ಬೆಳೆದ ಬಾಲ್ಯ. ಎತ್ತಿ ಆಡಿಸಿದವಳು ಆ ಅಕ್ಕನೇ. ಬೆಳಿಗ್ಗೆಯೇ ಅಪ್ಪ, ಚಿಕ್ಕಪ್ಪ ಇಬ್ಬರೂ ಅಜ್ಜಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟರು. ಅರ್ಧ ದಾರಿಯಲ್ಲಿ, ಮನೆಮಠ ಇಲ್ಲದ ಕಡೆ, ಕಾರು ಕೆಮ್ಮತೊಡಗಿತು. ದಿಬ್ಬ ಹತ್ತಿಸಿಬಿಡೋಣವೆಂದು ಅಪ್ಪ ಅದನ್ನು ಒತ್ತಿ ಓಡಿಸಿದ. ಗೇರಿನ ಹಲ್ಲು ಜಾರಿ ಜಾರಿ ಪಂಪು ನಿಂತು, ಎಣ್ಣೆಯಿಲ್ಲದ ಎಂಜಿನ್ ಒಮ್ಮೆ ಕಿರುಚಿ ಕಲ್ಲಾಯಿತು. ಅಜ್ಜಿ ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಬಿಸಿಲಿನಲ್ಲಿ ಕೂತು, ಬಂದ ಬಂದ ಲಾರಿಗೆಲ್ಲ ತಾನೇ ಕೈ ಅಡ್ಡ ಹಿಡಿದಳಂತೆ. ಕೊನೆಗೊಂದು ಲಾರಿ ನಿಂತಿತು. ಅವಳು ಹೋಗಿ ತಲುಪುವಷ್ಟರಲ್ಲಿ ಅಕ್ಕನನ್ನು ಮಣ್ಣು ಮಾಡಿ ಎಲ್ಲರೂ ಕೈಕಾಲು ತೊಳೆಯುತ್ತಿದ್ದರು.

ಅಜ್ಜಿ ಮಕ್ಕಳನ್ನು ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ ಎಂದು ಅಮ್ಮ ಈಗಲೂ ಹೇಳುತ್ತಾಳೆ.

ಕಾರನ್ನು ಎಳೆಸಿ ತಂದು ಬಿಚ್ಚಿದಾಗ ಗೇರಿನ ಹಲ್ಲು ಚಾಕುವಿನ ಬಾಯಿಯಷ್ಟು ತೆಳ್ಳಗಾಗಿತ್ತು. ಅಪ್ಪ ಅದನ್ನು ಬೆಂಚಿನ ಮೇಲಿಟ್ಟ.

"ಗೇರು ಹಾಕೋನು ಯಾವ ಕ್ಯಾಮ್ ಅಂತ ಒಂದು ಮಾತು ಕೇಳ್ಬೇಕಿತ್ತು."

"ಕ್ಯಾಮ್ ಬದಲಾಯಿಸಿದೋನು ಒಂದು ಮಾತು ಹೇಳ್ಬೇಕಿತ್ತು," ಅಂದ ಚಿಕ್ಕಪ್ಪ.

ಕೂಗಾಟವಿಲ್ಲ, ಕೈಕೈ ಮಿಲಾಯಿಸಲಿಲ್ಲ. ಮರುದಿನ ಚಿಕ್ಕಪ್ಪ ತನ್ನ ಬೆಂಚನ್ನು ಕೂಲಿಯವರ ಕೈಲಿ ಹೊರಿಸಿಕೊಂಡು ಎದುರು ಸಾಲಿನ ಟೈರ್ ಅಂಗಡಿಯ ಹಿಂದಿನ ಕೋಣೆಗೆ ಹೋದ. ಮಲಗುವುದೂ ಅಲ್ಲೇ ಆಯಿತು. ಕಾರನ್ನು ಅಜ್ಜಿ ಗುಜರಿಗೆ ಕೊಡಿಸಿದಳು. ಎಳೆದೊಯ್ಯುವಾಗ ಅಣ್ಣತಮ್ಮ ಇಬ್ಬರೂ ಹೊರಗೆ ಬರಲಿಲ್ಲ.

ಅಲ್ಲಿಂದ ಮುಂದೆ ಅಪ್ಪ ಕಟ್ಟಿದ ಎಂಜಿನ್ನುಗಳ ಡಿಸ್ಟ್ರಿಬ್ಯೂಟರುಗಳನ್ನು ಗಿರಾಕಿಗಳೇ ಬೀದಿ ದಾಟಿಸಿ ಕೊಂಡೊಯ್ಯುತ್ತಿದ್ದರು. ಬೇರೆಯವನ ಹತ್ತಿರ ಹೋಗಿ ಎಂದು ಅಪ್ಪ ಯಾರಿಗೂ ಹೇಳಲಿಲ್ಲ. ಚಿಕ್ಕಪ್ಪ ಕ್ಯಾಮಿನ ಜಾತಕ ಕೇಳುತ್ತಿದ್ದ, ಅವರು ಬಂದು ಅಪ್ಪನನ್ನು ಕೇಳುತ್ತಿದ್ದರು, ಅಪ್ಪ ಹೇಳಿಕಳಿಸುತ್ತಿದ್ದ. ಬಾಯಿಮಾತು ನಂಬದೆ ಕೆಲವು ಸಲ ಚಿಕ್ಕಪ್ಪ ಕ್ಯಾಮನ್ನೇ ತರಿಸಿ ಅದರ ತುದಿಯನ್ನು ಸಣ್ಣ ಅರದಿಂದ ಉಜ್ಜಿ ನೋಡುತ್ತಿದ್ದ. ಕಪ್ಪು ಹುಡಿ ಉದುರಿ ಬೆರಳಿಗೆ ಮಸಿ ಹತ್ತಿದರೆ ಬೀಡು, ಹೊಳೆಯುವ ಎಳೆ ಎದ್ದರೆ ಉಕ್ಕು. ಸಂತೆಯಲ್ಲಿ ಬದನೆಕಾಯಿ ಆರಿಸಿದ ಹಾಗೆ ಆರಿಸ್ತಾನೆ ಎಂದು ಗಿರಾಕಿಗಳು ಗೊಣಗುತ್ತಿದ್ದರು. ಅಜ್ಜಿ ಬೆಳಿಗ್ಗೆ ನಮ್ಮಲ್ಲಿ ಉಂಡು, ಸಂಜೆ ಡಬ್ಬಿ ಹಿಡಿದು ಅಲ್ಲಿಗೆ ಹೋಗುತ್ತಿದ್ದಳು. ಅವಳು ತೀರಿಕೊಂಡಾಗ ಇಬ್ಬರೂ ಹೆಗಲು ಕೊಟ್ಟರು, ಒಬ್ಬರ ಮುಖ ಒಬ್ಬರು ನೋಡದೆ. ಡಬ್ಬಿ ಒಯ್ಯುವ ಕೆಲಸ ಅಮ್ಮನ ಪಾಲಿಗೆ ಬಂತು. ನಾನು ಡಿಪ್ಲೊಮಾ ಮುಗಿಸಿ ಶೆಡ್ಡಿಗೆ ಸೇರಿಕೊಂಡೆ. ವರ್ಷಗಳು ಹಾಗೆಯೇ ಕಳೆದವು.

ಒಂದು ಮಧ್ಯಾಹ್ನ ಅಪ್ಪ ಶೆಡ್ಡಿನಲ್ಲಿ ಎಂಜಿನ್ ಸ್ಟ್ಯಾಂಡಿನ ಪಕ್ಕದಲ್ಲೇ ಕುಸಿದುಬಿದ್ದ. ಲಕ್ವ ಹೊಡೆದಿತ್ತು. ಬಲಭಾಗ ಬಿದ್ದುಹೋಯಿತು, ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ಮಾತು ನಿಂತೇಹೋಯಿತು. ಸುದ್ದಿ ಮುಟ್ಟುವುದೇ ತಡ, ಚಿಕ್ಕಪ್ಪ ಅರ ಹಿಡಿದ ಕೈಯಲ್ಲೇ ಓಡಿಬಂದ. ಆಮೇಲೆ ದಿನಾ ಸಂಜೆ ಬಂದು ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಯಾರ ಕಾರು ಬಂತು, ಯಾವುದರ ಸ್ಪ್ರಿಂಗು ಸಡಿಲ, ಯಾರು ಕಂಚು ಹಾಕಿಸಿಕೊಳ್ಳಲು ಒಪ್ಪಲಿಲ್ಲ ಎಂದು ಒಂದೇ ಸಮನೆ ಹೇಳುತ್ತಿದ್ದ. ಜನ್ಮದಲ್ಲಿ ಅಷ್ಟು ಮಾತಾಡಿದವನಲ್ಲ. ಅಪ್ಪ ಕಣ್ಣು ಮಿಟುಕಿಸದೆ ಕೇಳುತ್ತಿದ್ದ.

ಒಂದು ಸಂಜೆ ಅಮ್ಮ ಅಪ್ಪನಿಗೆ ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದಳು. ನಾನು ಬಾಗಿಲಲ್ಲಿದ್ದೆ. ಚಿಕ್ಕಪ್ಪ ಬಗ್ಗಿ, ಅಪ್ಪನ ಎಡಗೈ ಹಿಡಿದುಕೊಂಡು ಹೇಳಿದ:

"ಅಣ್ಣಾ, ಅವತ್ತು ನಾನೊಂದು ಮಾತು ಕೇಳ್ಬೋದಿತ್ತು. ಜ್ವರದಿಂದ ಎದ್ದು ಬಂದಿದ್ದೆ, ತಲೆಗೆ ಹೊಳೀಲಿಲ್ಲ."

ಅಪ್ಪನ ಸೊಟ್ಟ ಬಾಯಿ ಇನ್ನಷ್ಟು ಎಳೆದುಕೊಂಡಿತು. ಗಂಟಲಿನಿಂದ ಹಾ ಹಾ ಎಂಬ ಸದ್ದು ಬಂತು. ಕೈಯನ್ನು ಕೊಸರಿ ಕಿತ್ತುಕೊಂಡು ಮುಖವನ್ನು ಗೋಡೆಯತ್ತ ತಿರುಗಿಸಿದ. ಚಿಕ್ಕಪ್ಪ ಸ್ಟೂಲು ಬಿಟ್ಟು ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟ. ದಣಿದು ತನ್ನ ಕೋಣೆಗೆ ಹೊರಟನೆಂದು ನಾವು ಅಂದುಕೊಂಡೆವು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕೆಲಸ ಜಾಸ್ತಿ ಎಂದು ಹೇಳಿಕಳಿಸಿದ. ಸಂಜೆಯಾದರೆ ಅಪ್ಪನ ಕಣ್ಣು ಬಾಗಿಲಿಗೇ ನೆಟ್ಟಿರುತ್ತಿತ್ತು. ಕರೆದುಕೊಂಡು ಬರುತ್ತೇನೆಂದು ಅಮ್ಮ ಸೆರಗು ಸರಿಪಡಿಸಿಕೊಂಡು ಹೊರಟ ದಿನವೇ ಅಪ್ಪನಿಗೆ ಎರಡನೆಯ ಸಲ ಹೊಡೆಯಿತು. ಅವಳು ಮೆಟ್ಟಿಲಿಳಿಯುವುದರೊಳಗೆ ನಾನು ಕೂಗಿ ಕರೆಯಬೇಕಾಯಿತು.

ಅಪ್ಪನ ಮಣ್ಣು ಮುಗಿಸಿ ಬಂದ ಸಂಜೆ ಚಿಕ್ಕಪ್ಪ ಅಂಗಳದ ಮೂಲೆಯಲ್ಲಿ ಕೂತಿದ್ದ. ಅಮ್ಮ ಹತ್ತಿರ ಹೋಗಿ, ಯಾಕೆ ಬರುವುದು ಬಿಟ್ಟೆ ಎಂದು ಕೇಳಿದಳು.

"ನಕ್ಕುಬಿಟ್ಟ ಅತ್ತಿಗೆ. ಅಷ್ಟು ವರ್ಷ ಆದ್ಮೇಲೆ ಬಾಯಿಬಿಟ್ಟು ಹೇಳಿದ್ರೆ ನಕ್ಕು ಕೈ ಕಿತ್ಕೊಂಡ. ಇನ್ನು ಯಾವ ಮುಖ ಇಟ್ಕೊಂಡು ಬರ್ಲಿ?"

"ನಕ್ಕಿದ್ದಲ್ಲಪ್ಪ," ಅಂದಳು ಅಮ್ಮ. "ಅತ್ತಿದ್ದು. ಆ ಬಾಯಲ್ಲಿ ಅತ್ರೂ ಹಾಗೇ ಕಾಣ್ತಿತ್ತು. ನಿನ್ನೆದುರಿಗೆ ಅಳೋಕೆ ನಾಚಿಕೆ ಆಗಿ ತಿರುಗಿಕೊಂಡ್ರು. ಆಮೇಲೆ ದಿಂಬು ನಾನೇ ಬದಲಾಯಿಸಿದ್ದು, ಒದ್ದೆಯಾಗಿತ್ತು."

ಚಿಕ್ಕಪ್ಪ ಅಮ್ಮನ ಮುಖವನ್ನೇ ನೋಡಿದ. ಅತ್ತಿದ್ದಾ ಎಂದು ಮೆಲ್ಲಗೆ ಕೇಳಿದ. ಅಮ್ಮ ತಲೆಯಾಡಿಸಿದಳು. ಮತ್ತೆ ಅದನ್ನೇ ಕೇಳಿದ. ಹೆಗಲ ಮೇಲಿನ ಟವೆಲನ್ನು ಬಾಯಿಗೆ ತುರುಕಿಕೊಂಡು ಅವನು ಅಳುವುದನ್ನು ಅವತ್ತು ನಾನು ನೋಡಿದೆ. ಭುಜ ಅಲುಗುತ್ತಿತ್ತು, ಸದ್ದು ಬರುತ್ತಿರಲಿಲ್ಲ.

ಆಮೇಲೆ ಅವನು ಹೆಚ್ಚು ಕಾಲ ಬೆಂಚಿನ ಮುಂದೆ ಕೂರಲಿಲ್ಲ. ಕೈ ನಡುಗುತ್ತದೆ, ಸ್ಪ್ರಿಂಗು ಸಿಕ್ಕಿಸಲಾಗುವುದಿಲ್ಲ ಎಂದು ಕೋಣೆ ಬಿಟ್ಟುಕೊಟ್ಟು ನಮ್ಮ ಮನೆಗೇ ಬಂದ. ಅಪ್ಪ ಮಲಗುತ್ತಿದ್ದ ಕೋಣೆಯನ್ನು ಅಮ್ಮ ಗುಡಿಸಿ ಒರೆಸಿ ಕೊಟ್ಟಳು. ಅಲ್ಲಿ ಮಲಗಲು ಅವನು ಒಪ್ಪದೆ ಪಡಸಾಲೆಯಲ್ಲಿ ಹಾಸಿಕೊಳ್ಳುತ್ತಾನೆ. ಸಂಜೆ ಹೊತ್ತು ಮಾತ್ರ ಸ್ಟೂಲನ್ನು ಎತ್ತಿಕೊಂಡು ಆ ಕೋಣೆಗೆ ಹೋಗಿ ಖಾಲಿ ಮಂಚದ ಪಕ್ಕ ಕೂರುತ್ತಾನೆ. ಅಮ್ಮ ದೀಪ ಹಾಕಲು ಹೋದಾಗ, ಇರಲಿ ಬಿಡಿ ಅತ್ತಿಗೆ, ಈಗ ಎದ್ದುಬರ್ತೀನಿ ಅನ್ನುತ್ತಾನೆ.