ನಿಂತ ಕಾರಿನೊಳಗಿನ ಹಾಡು

ನಾದಿನಿಯ ಮಗುವಿನ ತೊಟ್ಟಿಲ ಕಾರ್ಯಕ್ಕೆ ಭಾಲ್ಕಿಗೆ ಹೊರಟು ಕೀ ತಿರುಗಿಸಿದರೆ, ಕಾರು ಟಕ್ ಎಂದಿತೇ ಹೊರತು ಶುರುವಾಗಲಿಲ್ಲ. ಬ್ಯಾಟರಿ ಖಾಲಿ! ಅವಳ ತವರಿನಿಂದ ಕೊಡಬೇಕಾದ ತೊಟ್ಟಿಲು ನಮ್ಮ ಕಾರಿನಲ್ಲೇ ಇತ್ತು. ನಾವು ತಲುಪದೆ ಅಲ್ಲಿ ಕಾರ್ಯ ನಡೆಯುವಂತಿರಲಿಲ್ಲ.

ಬೀದರಿನ ನಮ್ಮ ಗಲ್ಲಿಯವರೆಲ್ಲ ಸೇರಿ ಕಾರು ದೂಡಿದರು. ಮಾವ, ಅತ್ತೆ, ನಾವೆಲ್ಲ ಖಾಲಾ ಎಂದು ಕರೆಯುವ ಪಕ್ಕದ ಮನೆಯ ಚಿಕ್ಕಮ್ಮ ಕೂಡ ಕೈಹಚ್ಚಿದರು. ಗೇರ್ ಹಾಕಿ ಕ್ಲಚ್ ಬಿಟ್ಟೆ. ಎಂಜಿನ್ ಹತ್ತಿಕೊಂಡಿತು, ಅದರ ಹಿಂದೆಯೇ ಪೂರ್ತಿ ಸದ್ದಿನಲ್ಲಿ ಖವ್ವಾಲಿ! ನಾನಂತೂ ಆ ಕಾರಿನಲ್ಲಿ ಎಂದೂ ಹಾಡು ಹಾಕಿದವಳಲ್ಲ.

ಖಾಲಾ ಬಾಯಿಗೆ ಸೆರಗು ಹಿಡಿದು ನಕ್ಕರು. ಅತ್ತೆ ಮಾತ್ರ ಜೋರು ಬಿಡಲಿಲ್ಲ. "ನೀ ಬಸ್ಸಿನ್ಯಾಗ ಡ್ಯೂಟಿಗೆ ಹೋಗ್ತಿ, ಕಾರು ಸುಮ್ನ ನಿಂತಿರ್ತದ. ಮಧ್ಯಾಹ್ನ ನಾನೂ ಖಾಲಾನೂ ಅದರಾಗ ಕುಂತು ಹಾಡು ಕೇಳ್ತೇವಿ. ಮನ್ಯಾಗ ಹಚ್ಚಿದ್ರ ನಿಮ್ಮ ಮಾವ ಬೈತಾರವ್ವ!"

ಏದುಸಿರು ಬಿಡುತ್ತಿದ್ದ ಮಾವನಿಗೂ ನಗು ತಡೆಯಲಾಗಲಿಲ್ಲ.

ಆಗಾಗ ಓಡಿಸಿದರೆ ಬ್ಯಾಟರಿ ಕೈಕೊಡುವುದಿಲ್ಲವೆಂದು ಈಗ ಪ್ರತಿ ಭಾನುವಾರ ಅತ್ತೆ, ಖಾಲಾ ಇಬ್ಬರನ್ನೂ ಕಮಠಾಣದವರೆಗೆ ಸುತ್ತಾಡಿಸಿ ಕರೆತರುತ್ತೇನೆ. ಮೊನ್ನೆ ನಾನು ಹೊರಡುವುದು ತಡವಾದಾಗ ಹೊರಗೆ ಒಂದೇ ಸಮನೆ ಹಾರ್ನ್ ಕೇಳಿಸಿತು. ಹೋಗಿ ನೋಡಿದರೆ ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ಖಾಲಾ ತಯಾರಾಗಿ ಕೂತಿದ್ದರು. ಹಾರ್ನ್ ಒತ್ತುತ್ತಿದ್ದವರು ಮಾವ.