ರಾಜನ ಒಂದು ಜಿಗಿತ

ನಾನು ಚೆಸ್ ಗ್ರ್ಯಾಂಡ್‌ಮಾಸ್ಟರ್ ಎಂದು ತಿಳಿದ ತಕ್ಷಣ ಜನ ಕೇಳುವ ಮೊದಲ ಪ್ರಶ್ನೆ ಪಗಾರದ್ದು. ಟಿವಿಯಲ್ಲಿ ಕೋಟಿ ಗೆದ್ದವರನ್ನು ನೋಡಿರುತ್ತಾರೆ. ಆ ಕೋಟಿ ಬೆರಳೆಣಿಕೆಯ ಮಂದಿಗೆ. ಉಳಿದ ನಾವೆಲ್ಲ ಮಕ್ಕಳಿಗೆ ಪಾಠ ಹೇಳಿ, ಊರೂರು ಅಲೆದು ಬಹುಮಾನ ಹೆಕ್ಕಿ ಹೊಟ್ಟೆ ಹೊರೆಯುತ್ತೇವೆ ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಅದನ್ನು ನೋಡಿ ನನಗೆ ಒಳಗೊಳಗೇ ಖುಷಿಯಾಗುತ್ತದೆ.

ಪದವಿ ಬರುವ ಮುಂಚಿನ ವರ್ಷ ಇನ್ನೂ ಹೀನಾಯವಾಗಿತ್ತು. ಗ್ರ್ಯಾಂಡ್‌ಮಾಸ್ಟರ್ ಆಗಲು ದೊಡ್ಡ ಪಂದ್ಯಾವಳಿಗಳಲ್ಲಿ ಮೂರು ಸಲ ನಿಗದಿತ ಮಟ್ಟ ಮುಟ್ಟಬೇಕು. ನಾನು ಎರಡು ಸಲ ಮುಟ್ಟಿ ನಿಂತಿದ್ದೆ. ಮೂರನೆಯದಕ್ಕೆ ವಿದೇಶಕ್ಕೆ ಹೋಗಬೇಕಿತ್ತು, ಟಿಕೆಟ್ಟಿಗೆ ದುಡ್ಡಿರಲಿಲ್ಲ. ವಿಜಯಪುರದ ಜೋರಾಪುರ ಪೇಟೆಯಲ್ಲಿ ವ್ಯಾಪಾರಿಗಳ ಮಕ್ಕಳಿಗೆ ಪಾಠ ಹೇಳಿದ ಹಣ ಮನೆ ಬಾಡಿಗೆಗೇ ಮುಗಿಯುತ್ತಿತ್ತು. ಹಾಗಾಗಿ ಸುತ್ತಲಿನ ಚಿಕ್ಕಪುಟ್ಟ ಟೂರ್ನಮೆಂಟುಗಳಿಗೆ ನುಗ್ಗಿದೆ. ತಿಕೋಟಾದಲ್ಲಿ ಶಾಲೆಯ ಮಕ್ಕಳನ್ನೆಲ್ಲ ಬಡಿದು ಮೊದಲ ಬಹುಮಾನ ತಂದೆ. ಕೊನೆಯ ಸುತ್ತಿನಲ್ಲಿ ಸೋತ ಹುಡುಗಿ ಬಿಕ್ಕುತ್ತಿದ್ದರೆ ನಾನು ಬಸ್ಸಿನ ಹೊತ್ತು ನೋಡುತ್ತಿದ್ದೆ.

ಬಬಲೇಶ್ವರದ ಬಹುಮಾನ ಅದಕ್ಕಿಂತ ದೊಡ್ಡದು. ಅದೊಂದು ಸಿಕ್ಕರೆ ಟಿಕೆಟ್ ಆದಂತೆಯೇ. ಒಂದು ಸುತ್ತು ಸೋತರೆ ಕೈತಪ್ಪಿದಂತೆಯೇ. ಮೊದಲ ಸುತ್ತಿನಲ್ಲಿ ನನ್ನೆದುರು ಕೂತವನು ಮಮದಾಪುರದ ಒಬ್ಬ ಮುದುಕ, ಬಟ್ಟೆ ಹೊಲಿಯುವವನು. ಊರ ಕಟ್ಟೆಯ ಮೇಲೆ ಹಳೆಯ ರೂಢಿಯ ಆಟ ಆಡಿ ಗೊತ್ತೇ ಹೊರತು ಟೂರ್ನಮೆಂಟ್ ಅವನಿಗೆ ಅದೇ ಮೊದಲು. ನೋಡಲು ಅವನ ಊರಿನ ಹತ್ತು ಮಂದಿ ಬಸ್ಸು ಹತ್ತಿ ಬಂದಿದ್ದರು. ಕೂತವನೇ, ಇದಕ್ಕೆಲ್ಲ ಪಗಾರ ಎಷ್ಟು ಕೊಡುತ್ತಾರೆ ಎಂದು ನನ್ನನ್ನು ಕೇಳಿದ. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆಡುವಾಗ ಮಾತು ಬೇಡ ಎಂದು ನಿರ್ಣಾಯಕರು ಗದರಿದರು.

ಸಿಟ್ಟಿನಲ್ಲಿ ಅವಸರ ಮಾಡಿ ಒಂದು ಆನೆ ಕಳೆದುಕೊಂಡೆ. ಇನ್ನು ಹತ್ತು ನಡೆಯಾಗುವಷ್ಟರಲ್ಲಿ ಸೋಲು ಎದುರಿಗೇ ಕಾಣುತ್ತಿತ್ತು. ಆಗ ಮುದುಕ ಮುಂದೆ ಬಾಗಿ ಪಿಸುಗುಟ್ಟಿದ.

“ನಮ್ಮ ಕಡೆ ರಾಜ ಒಂದ್ ಸಲ ಕುದುರಿಯಂಗ ಜಿಗೀತಾನ. ಇಲ್ಲಿ ನಡೀತೈತೇನ್ರಿ?”

ನಡೆಯುವುದಿಲ್ಲ. ಅಷ್ಟೇ ಅಲ್ಲ, ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬುದು ನಿಯಮ. ರಾಜನನ್ನು ಮುಟ್ಟಿದರೆ ಅವನು ಹೋಗಬಹುದಾದದ್ದು ಮೂಲೆಯ ಒಂದೇ ಮನೆಗೆ, ಅಲ್ಲಿ ನನ್ನ ಮುಂದಿನ ನಡೆಗೇ ಚೆಕ್‌ಮೇಟ್. ಇಷ್ಟನ್ನೂ ಲೆಕ್ಕ ಹಾಕಿಯೇ ಬಾಯಿ ತೆರೆದೆ.

“ನಡೀತೈತಿ. ಆಡ್ರಿ.”

ಅವನು ರಾಜನನ್ನು ಎತ್ತಿ ಜಿಗಿಸಿದ. ನಾನು ಕೈ ಎತ್ತಿ ನಿರ್ಣಾಯಕರನ್ನು ಕರೆದೆ. ಅವರು ಹೇಳಿದ ನಿಯಮದಂತೆ ರಾಜ ಮೂಲೆಗೆ ಹೋದ, ಆಟ ಮುಗಿಯಿತು. ಇವರೇ ನಡೆಯುತ್ತದೆ ಅಂದರು ಎಂದು ಮುದುಕ ಎದ್ದು ನಿಂತ. ನಿರ್ಣಾಯಕರು ನನ್ನತ್ತ ನೋಡಿದರು. ನಾನು ಹಾಗೆ ಅಂದೇ ಇಲ್ಲ ಎಂದೆ. ಇಷ್ಟು ದೊಡ್ಡ ಆಟಗಾರರು ಸುಳ್ಳು ಯಾಕೆ ಹೇಳುತ್ತಾರೆ ಎಂದು ಅವನ ಊರಿನವರೇ ಅವನನ್ನು ಬೈದರು. ಅವನು ಉಳಿದ ಸುತ್ತು ಆಡದೆ ಹೊರಟುಹೋದ. ನನಗೆ ನಾಚಿಕೆಯಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಸಂಜೆ ಕೈಗೆ ಬಂದ ಬಹುಮಾನದ ಲಕೋಟೆಯನ್ನು ಹಿಂದಿರುಗಿಸುವಷ್ಟು ಆಗಲಿಲ್ಲ.

ಆ ದುಡ್ಡಿನಿಂದಲೇ ಹೋಗಿ ಪದವಿ ತಂದೆ. ಬಬಲೇಶ್ವರದಲ್ಲಿ ಸನ್ಮಾನ ಇಟ್ಟುಕೊಂಡರು. ನನ್ನೊಡನೆ ಆಡಿದ ಹಿರಿಯರೆಂದು ಸಂಘಟಕರು ಆ ಮುದುಕನನ್ನೇ ಕರೆಸಿ ಹಾರ ಹಾಕಿಸಿದರು. ಮಮದಾಪುರದವರು ಕೆಳಗೆ ಕೂತಿದ್ದರು. ಹಾರ ಸರಿಪಡಿಸುವ ನೆಪದಲ್ಲಿ ಅವನು ನನ್ನ ಕಿವಿಯ ಹತ್ತಿರ ಬಂದ.

“ಊರಾಗ ಇನ್ನೂ ನನಗ ಸುಳ್ಳಬುರಕ ಅಂತಾರ್ರಿ. ಈಗರೆ ಖರೇ ಹೇಳ್ರಿ.”

ಯಾರೋ ನನ್ನ ಕೈಗೆ ಮೈಕ್ ಕೊಟ್ಟರು. ಅವನು ಇಳಿದು ಹೋಗಿ ಮುಂದಿನ ಸಾಲಿನಲ್ಲಿ ಕೂತು ಕಾದ. ನಾನು ಪರಿಶ್ರಮ, ಪ್ರಾಮಾಣಿಕತೆ ಎಂದು ಹದಿನೈದು ನಿಮಿಷ ಮಾತಾಡಿದೆ. ಅಕ್ಕಪಕ್ಕದಲ್ಲಿ ಊರಿನವರು ಕೂತಿದ್ದರಿಂದ ಅವನೂ ಚಪ್ಪಾಳೆ ತಟ್ಟಬೇಕಾಯಿತು.